ತಪ್ಪು ಉತ್ತರಗಳ ಪತ್ತೇದಾರ

(ಮೈಸೂರಿನ ನಮ್ಮ ಓದುಗರ ಬಳಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು. ಬರೆದುಕೊಡಿ ಅಂದರು. ಆಡಿದ ಹಾಗೇ ಇರಲಿ ಅಂತ ಜಾಸ್ತಿ ತಿದ್ದಿಲ್ಲ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಸರಿ.

ಶುರು ಮಾಡುವ ಮುಂಚೆ ನಿಮಗೊಂದು ಕೆಲಸ. ಪದಬಂಧದ ಸುಳಿವು ಕೊಡುತ್ತೇನೆ. ನಾನೇ ಕಟ್ಟಿದ್ದು, ನಗಬೇಡಿ. ‘ಹೊಸದು ಹಿಂದುಮುಂದಾದರೆ ಕಾಡು.’ ಎರಡು ಅಕ್ಷರ. ಯೋಚನೆ ಮಾಡಿ.

ಹಿಂದಿನ ಸಾಲಿನಿಂದ ‘ಕಾನು’ ಅಂತ ಕೇಳಿಸಿತು. ಮಲೆನಾಡಿನ ಕಡೆಯವರಿರಬೇಕು, ಅಲ್ವಾ? ಒಳ್ಳೆಯ ಉತ್ತರ. ಎರಡೇ ಅಕ್ಷರ, ಅರ್ಥವೂ ಕಾಡು. ಚೌಕಗಳಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಆದರೆ ತಪ್ಪು. ಸುಳಿವಿನಲ್ಲಿ ‘ಹೊಸದು’ ಅಂತ ಒಂದು ಮಾತಿದೆ, ‘ಹಿಂದುಮುಂದು’ ಅಂತ ಇನ್ನೊಂದಿದೆ. ಕಾನು ಅಂದುಬಿಟ್ಟರೆ ಆ ಎರಡು ಮಾತಿಗೂ ಕೆಲಸವೇ ಇಲ್ಲ. ಹೊಸದು ಅಂದರೆ ನವ. ಅದನ್ನು ತಿರುಗಿಸಿ. ವನ.

ಇವತ್ತು ನಾನು ಮಾತಾಡಬೇಕಾದ ಮನುಷ್ಯ ಈ ‘ಕಾನು’ ಉತ್ತರವನ್ನು ಪೆನ್ನಿನಲ್ಲಿ ಒತ್ತಿ ಬರೆಯುವವನು. ಅದೂ ಒಂದೇ ಕೇಸಿನಲ್ಲಿ ಮೂರು ನಾಲ್ಕು ಸಲ. ಬರೆದ ಮೇಲೆ ಎಲ್ಲರಿಗೂ ತೋರಿಸುತ್ತಾನೆ, ಜಂಬ ಕೊಚ್ಚುತ್ತಾನೆ, ಒಂದು ಗ್ಲಾಸು ಬಿಯರ್ ಕುಡಿಯುತ್ತಾನೆ. ಮಾರನೇ ದಿನ ಅದನ್ನು ಹೊಡೆದುಹಾಕಿ ಇನ್ನೊಂದು ತಪ್ಪು ಉತ್ತರ ಬರೆಯುತ್ತಾನೆ. ಅವನೇ ಚೀಫ್ ಇನ್‌ಸ್ಪೆಕ್ಟರ್ ಮೋರ್ಸ್. ಆಕ್ಸ್‌ಫರ್ಡ್ ಊರಿನವನು, ಥೇಮ್ಸ್ ವ್ಯಾಲಿ ಪೊಲೀಸಿನವನು. ಅವನ ಮೇಲೆ 13 ಕಾದಂಬರಿ ಬಂದಿವೆ. ಟಿವಿಯಲ್ಲಿ 33 ಕಂತು.

ನಮ್ಮ ವಯಸ್ಸಿನವರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಜೊತೆ ಬೆಳೆದವರು. ಪುರುಷೋತ್ತಮ ಬಂದ ಅಂದರೆ ಕಳ್ಳ ಸಿಕ್ಕ ಅಂತಲೇ ನಮಗೆ ಧೈರ್ಯ. ಆಮೇಲೆ ಷರ್ಲಾಕ್ ಹೋಮ್ಸ್ ಬಂದ. ಬೂಟಿನ ಮಣ್ಣು ನೋಡಿ ಮನುಷ್ಯ ಯಾವ ರಸ್ತೆಯಲ್ಲಿ ಬಂದ ಅಂತ ಹೇಳುವವನು. ಇಂಥವರನ್ನು ಓದಿ ಅಭ್ಯಾಸವಾದವಳಿಗೆ ಮೋರ್ಸ್ ಮೊದಲ ಸಲ ಸಿಕ್ಕಾಗ ಸಿಟ್ಟೇ ಬಂತು. ಏನಪ್ಪಾ ಇದು, ನೂರು ಪುಟ ಇವನನ್ನು ನಂಬಿಕೊಂಡು ಬಂದೆ, ಈಗ ‘ಅಯ್ಯೋ ಅದೆಲ್ಲ ಅಲ್ಲ’ ಅಂತಾನಲ್ಲ! ಎರಡನೇ ಪುಸ್ತಕದ ಹೊತ್ತಿಗೆ ಗೊತ್ತಾಯಿತು, ಮಜಾ ಇರುವುದೇ ಅಲ್ಲಿ.

ಇವನನ್ನು ಹುಟ್ಟಿಸಿದ ಕಾಲಿನ್ ಡೆಕ್ಸ್ಟರ್ ಅವರದ್ದು ಸ್ವಲ್ಪ ಹೇಳಬೇಕು. ಯಾಕೆಂದರೆ ಮೋರ್ಸ್‌ನ ಅರ್ಧ ಗುಣ ಅಲ್ಲಿಂದಲೇ ಬಂದದ್ದು. ಹುಟ್ಟಿದ್ದು 1930ರಲ್ಲಿ, ಲಿಂಕನ್‌ಶೈರ್‌ನ ಸ್ಟ್ಯಾಮ್‌ಫರ್ಡ್ ಎಂಬ ಊರಲ್ಲಿ. ಓದಿದ್ದು ಕೇಂಬ್ರಿಜ್‌ನಲ್ಲಿ, ಗ್ರೀಕ್ ಮತ್ತು ಲ್ಯಾಟಿನ್. ಹೌದು, ಆಕ್ಸ್‌ಫರ್ಡ್‌ಗೆ ಅಷ್ಟು ಹೆಸರು ತಂದವರು ಕೇಂಬ್ರಿಜ್‌ನವರು. ಸ್ಕೂಲಿನಲ್ಲಿ ಮೇಷ್ಟರಾದರು. ಮೇಷ್ಟರ ಕಿವಿ ಮಂದವಾಗುತ್ತಾ ಬಂತು. ಹಿಂದಿನ ಬೆಂಚಿನವರು ಏನು ಹೇಳುತ್ತಿದ್ದಾರೆ ಅಂತ ಕೇಳಿಸದೆ ಪಾಠ ಮಾಡುವುದು ಹೇಗೆ? 1966ರಲ್ಲಿ ಪಾಠ ಬಿಟ್ಟು ಆಕ್ಸ್‌ಫರ್ಡ್‌ಗೆ ಬಂದರು. ಅಲ್ಲಿನ ವಿಶ್ವವಿದ್ಯಾಲಯ ಶಾಲಾ ಮಕ್ಕಳಿಗೆ ಪರೀಕ್ಷೆ ನಡೆಸುವ ಕಚೇರಿಯೊಂದನ್ನು ಇಟ್ಟುಕೊಂಡಿತ್ತು. ಅಲ್ಲಿ ಕೆಲಸಕ್ಕೆ ಸೇರಿ 1988ರವರೆಗೆ ಇದ್ದರು. ಅಂದರೆ ಮೊದಲ ಏಳು ಮೋರ್ಸ್ ಕಾದಂಬರಿಗಳು ಹಗಲು ಪ್ರಶ್ನೆಪತ್ರಿಕೆ ನೋಡಿ ಬಂದ ಗುಮಾಸ್ತರ ಥರದ ಮನುಷ್ಯ ರಾತ್ರಿ ಕೂತು ಬರೆದವು. ಸಂಜೆ ರೇಡಿಯೋದಲ್ಲಿ ‘ದಿ ಆರ್ಚರ್ಸ್’ ನಾಟಕ ಕೇಳುವುದು, ಆಮೇಲೆ ಸ್ವಲ್ಪ ಬರೆಯುವುದು, ಆಮೇಲೆ ಪಬ್ಬಿಗೆ ಹೋಗುವುದು. ಇಷ್ಟೇ ಅವರ ಸಾಹಿತ್ಯ ಸಾಧನೆಯ ದಿನಚರಿ.

ಬರೆಯಲು ಶುರು ಮಾಡಿದ್ದು ಮಳೆಯ ದೆಸೆಯಿಂದ. 1972ರಲ್ಲಿ ಹೆಂಡತಿ ಮಕ್ಕಳ ಜೊತೆ ವೇಲ್ಸ್‌ನ ಉತ್ತರ ಭಾಗಕ್ಕೆ ರಜೆಗೆ ಹೋಗಿದ್ದರು. ಮಳೆಯೋ ಮಳೆ. ಮಕ್ಕಳ ಗೊಣಗಾಟ. ಇಳಿದುಕೊಂಡ ಮನೆಯಲ್ಲಿದ್ದ ಪತ್ತೇದಾರಿ ಪುಸ್ತಕ ಓದಿದರೆ ಅದೂ ಸಪ್ಪೆ. ಇದಕ್ಕಿಂತ ನಾನೇ ಚೆನ್ನಾಗಿ ಬರೆದೇನು ಅನ್ನಿಸಿ ಕಾಗದ ತೆಗೆದರು. 1975ರಲ್ಲಿ ಬಂದದ್ದು ‘ಲಾಸ್ಟ್ ಬಸ್ ಟು ವುಡ್‌ಸ್ಟಾಕ್’. ಇಬ್ಬರು ಹುಡುಗಿಯರು ಬಸ್‌ಸ್ಟಾಪಿನಲ್ಲಿ ವುಡ್‌ಸ್ಟಾಕ್ ಬಸ್ಸಿಗೆ ಕಾಯುತ್ತಿರುತ್ತಾರೆ. ಅದೇ ರಾತ್ರಿ ಒಬ್ಬಳ ಹೆಣ ವುಡ್‌ಸ್ಟಾಕಿನ ಪಬ್ಬೊಂದರ ಅಂಗಳದಲ್ಲಿ ಸಿಗುತ್ತದೆ. ಇನ್ನೊಬ್ಬಳು ಯಾರು? ಅವಳು ಯಾಕೆ ಮುಂದೆ ಬಂದು ಮಾತಾಡುತ್ತಿಲ್ಲ? ಅಷ್ಟೇ ಎಳೆ. ಬಸ್ಸಿಗೆ ಕಾದವರಿಗೆಲ್ಲ ಅರ್ಥವಾಗುವ ಕಥೆ.

ಡೆಕ್ಸ್ಟರ್‌ಗೆ ಪದಬಂಧದ ಹುಚ್ಚು. ಸುಮ್ನೆ ಹೊತ್ತು ಕಳೆಯುವ ಹುಚ್ಚಲ್ಲ, ಸ್ಪರ್ಧೆಗೆ ಸುಳಿವು ಕಟ್ಟಿ ಕಳಿಸಿ ಬಹುಮಾನ ಗೆಲ್ಲುವ ಮಟ್ಟದ್ದು. ಆ ಸ್ಪರ್ಧೆಗಳಲ್ಲಿ ಅವರಿಗೆ ಪೈಪೋಟಿ ಕೊಡುತ್ತಿದ್ದವರಲ್ಲಿ ಒಬ್ಬರು ಸರ್ ಜೆರೆಮಿ ಮೋರ್ಸ್, ಮುಂದೆ ಲಾಯ್ಡ್ಸ್ ಬ್ಯಾಂಕಿನ ಅಧ್ಯಕ್ಷರಾದವರು. ಇನ್ನೊಬ್ಬರು ‘ಮಿಸೆಸ್ ಬಿ. ಲೂಯಿಸ್’ ಅನ್ನುವ ಗುಪ್ತನಾಮದಲ್ಲಿ ಬರೆಯುತ್ತಿದ್ದ ಹೆಂಗಸು. ಡೆಕ್ಸ್ಟರ್ ಇಬ್ಬರ ಹೆಸರನ್ನೂ ಎತ್ತಿಕೊಂಡು ಒಂದನ್ನು ಇನ್‌ಸ್ಪೆಕ್ಟರ್‌ಗೆ, ಇನ್ನೊಂದನ್ನು ಅವನ ಸಾರ್ಜೆಂಟ್‌ಗೆ ಇಟ್ಟರು. ತನ್ನನ್ನು ಸೋಲಿಸಿದವರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಏನಿದೆ?

ಇಂಗ್ಲಿಷರ ಈ ಗೂಢ ಪದಬಂಧ ಇದೆಯಲ್ಲ, ಅದರ ಸುಳಿವು ಬೇಕಂತಲೇ ಸುಳ್ಳು ಹೇಳುತ್ತದೆ. ಮೇಲ್ನೋಟಕ್ಕೆ ಒಂದು ವಾಕ್ಯ, ಒಳಗೆ ಇನ್ನೊಂದು ಲೆಕ್ಕ. ಬಿಡಿಸುವವರು ಮೊದಲು ಒಂದು ಊಹೆ ಮಾಡಲೇಬೇಕು. ಆಮೇಲೆ ಪ್ರತಿ ಪದಕ್ಕೂ ಅಲ್ಲಿ ಕೆಲಸ ಇದೆಯಾ ಅಂತ ನೋಡಬೇಕು. ಒಂದು ಪದ ಸುಮ್ಮನೆ ಉಳಿದರೂ ಊಹೆ ಬಿದ್ದಂತೆ. ಮೋರ್ಸ್ ಕೊಲೆಯನ್ನು ಬಿಡಿಸುವುದು ಹೀಗೇ. ಸಾಕ್ಷಿ ಎಲ್ಲ ಸೇರಲಿ, ಆಮೇಲೆ ಯೋಚಿಸೋಣ ಅನ್ನುವ ತಾಳ್ಮೆ ಅವನಿಗಿಲ್ಲ. ಮೊದಲು ಕಥೆ ಕಟ್ಟುತ್ತಾನೆ. ಇಡೀ ಕಥೆ, ಆದಿ ಅಂತ್ಯ ಎಲ್ಲ. ಆಮೇಲೆ ಒಂದು ಸಣ್ಣ ಸಂಗತಿ ಹೊರಗೆ ಉಳಿದುಬಿಡುತ್ತದೆ. ನಮ್ಮ ‘ಹೊಸದು’ ಉಳಿದ ಹಾಗೆ.

ಎರಡನೇ ಕಾದಂಬರಿ ‘ಲಾಸ್ಟ್ ಸೀನ್ ವೇರಿಂಗ್’ ನೋಡಿ. 1976ರದ್ದು. ಎರಡು ವರ್ಷದ ಹಿಂದೆ ವ್ಯಾಲರಿ ಟೇಲರ್ ಎಂಬ ಸ್ಕೂಲ್ ಹುಡುಗಿ ಕಾಣೆಯಾಗಿದ್ದಾಳೆ. ಈಗ ಅಪ್ಪ ಅಮ್ಮನಿಗೆ ಒಂದು ಕಾಗದ ಬರುತ್ತದೆ, ನಾನು ಚೆನ್ನಾಗಿದ್ದೇನೆ, ಚಿಂತೆ ಮಾಡಬೇಡಿ ಅಂತ. ಬೇರೆ ಪೊಲೀಸಿನವರಾಗಿದ್ದರೆ ಹುಡುಗಿಯನ್ನು ಹುಡುಕಲು ಹೊರಡುತ್ತಿದ್ದರು. ಮೋರ್ಸ್‌ಗೆ ಕಾಣೆಯಾದವರನ್ನು ಹುಡುಕುವುದು ಬೇಜಾರಿನ ಕೆಲಸ. ಅವನಿಗೆ ಕೊಲೆ ಬೇಕು. ಆದ್ದರಿಂದ ಹುಡುಗಿ ಸತ್ತಿದ್ದಾಳೆ ಅಂತ ಮೊದಲೇ ತೀರ್ಮಾನ ಮಾಡಿಬಿಡುತ್ತಾನೆ! ಅಲ್ಲಿಂದ ಮುಂದೆ ಒಂದರ ಮೇಲೊಂದು ವಾದ ಕಟ್ಟುತ್ತಾನೆ. ಪ್ರತಿಯೊಂದೂ ಎಷ್ಟು ಚೆನ್ನಾಗಿರುತ್ತದೆ ಅಂದರೆ ಓದುವ ನಾವು ತಲೆಯಾಡಿಸುತ್ತೇವೆ. ಹತ್ತು ಪುಟ ಆದ ಮೇಲೆ ಅದು ದಬಕ್ಕನೆ ಬೀಳುತ್ತದೆ. ಕೊನೆಗೆ ಏನಾಯಿತು ಅಂತ ನಾನು ಹೇಳುವುದಿಲ್ಲ, ಮುಖ ನೋಡಿ ಪ್ರಯೋಜನವಿಲ್ಲ.

ಇನ್ನೊಂದು, ‘ದಿ ಡೆಡ್ ಆಫ್ ಜೆರಿಕೋ’, 1981. ಮೋರ್ಸ್‌ಗೆ ಒಂದು ಪಾರ್ಟಿಯಲ್ಲಿ ಒಬ್ಬ ಹೆಂಗಸಿನ ಪರಿಚಯವಾಗುತ್ತದೆ, ಇಷ್ಟವೂ ಆಗುತ್ತಾಳೆ. ಕೆಲವು ತಿಂಗಳ ಮೇಲೆ ಅವಳು ತನ್ನ ಮನೆಯಲ್ಲೇ ನೇಣಿನಲ್ಲಿ ಸಿಗುತ್ತಾಳೆ. ಮೋರ್ಸ್ ಗ್ರೀಕ್ ಓದಿದವನಲ್ಲವೇ, ಇಡೀ ಘಟನೆಯನ್ನು ಸೊಫೋಕ್ಲಿಸ್‌ನ ಈಡಿಪಸ್ ನಾಟಕದ, ಅಂದರೆ ಗೊತ್ತಿಲ್ಲದೆ ಅಪ್ಪನನ್ನು ಕೊಂದು ಅಮ್ಮನನ್ನು ಮದುವೆಯಾದವನ ಕಥೆಯ, ಅಚ್ಚಿನಲ್ಲಿ ಎರಕ ಹೊಯ್ಯುತ್ತಾನೆ. ತಂದೆ ಇವನು, ಮಗ ಇವನು, ತಾಯಿ ಇವಳು. ಎಲ್ಲವೂ ಕೂಡಿಬರುತ್ತದೆ. ಎರಡೂವರೆ ಸಾವಿರ ವರ್ಷದ ನಾಟಕ ಆಕ್ಸ್‌ಫರ್ಡಿನ ಓಣಿಯಲ್ಲಿ ಮತ್ತೆ ನಡೆದಿದೆ! ಏನು ಓದು, ಏನು ಬುದ್ಧಿ! ಎಲ್ಲ ತಪ್ಪು. ಓದು ಜಾಸ್ತಿಯಾದ ನಮ್ಮಂಥವರಿಗೆ ಈ ಪುಸ್ತಕ ಸ್ವಲ್ಪ ಚುರುಕ್ ಅನ್ನಿಸುತ್ತದೆ.

ಇಲ್ಲಿ ಲೂಯಿಸ್ ಬಗ್ಗೆ ಹೇಳಬೇಕು. ಸಾರ್ಜೆಂಟ್ ಲೂಯಿಸ್ ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಮನೆ, ಹೆಂಡತಿ, ಮಕ್ಕಳು, ತಟ್ಟೆಯಲ್ಲಿ ಮೊಟ್ಟೆ ಮತ್ತು ಚಿಪ್ಸ್ ಇದ್ದರೆ ಅವನಿಗೆ ಸ್ವರ್ಗ. ಮೋರ್ಸ್ ಅವನ ರಿಪೋರ್ಟಿನ ಕಾಗುಣಿತ ತಿದ್ದುತ್ತಾನೆ. ಪಬ್ಬಿನಲ್ಲಿ ಜೇಬು ತಡಕುತ್ತಾ ನಿಂತು ಅವನ ಕೈಲೇ ಬಿಯರಿಗೆ ದುಡ್ಡು ಕೊಡಿಸುತ್ತಾನೆ. ಸಂಬಳ ಯಾರಿಗೆ ಜಾಸ್ತಿ ಅಂತ ಹೇಳಬೇಕಾಗಿಲ್ಲ. ಆದರೆ ಮೋರ್ಸ್‌ನ ಅರಮನೆ ಬೀಳುವುದು ಹೆಚ್ಚಾಗಿ ಲೂಯಿಸ್ ಮಾತಿನಿಂದಲೇ. ಅವನು ವಾದ ಮಾಡುವುದಿಲ್ಲ. ‘ಸರ್, ಆವತ್ತು ಅಂಗಡಿ ಮುಚ್ಚಿತ್ತಲ್ಲ’ ಅನ್ನುವಂಥ ಮಾತೊಂದನ್ನು ಆಡುತ್ತಾನೆ, ಅಷ್ಟೇ. ಮೋರ್ಸ್ ಒಂದು ಗಳಿಗೆ ಸುಮ್ಮನಾಗುತ್ತಾನೆ. ಆಮೇಲೆ ‘ಲೂಯಿಸ್!’ ಅಂತ ಕೂಗಿ ಕೋಟು ಎತ್ತಿಕೊಂಡು ಓಡುತ್ತಾನೆ. ಪದಬಂಧದ ಭಾಷೆಯಲ್ಲಿ ಹೇಳಬೇಕೆಂದರೆ, ಮೋರ್ಸ್ ಚೌಕ ತುಂಬುತ್ತಾನೆ, ಯಾವ ಪದಕ್ಕೆ ಕೆಲಸ ಸಿಕ್ಕಿಲ್ಲ ಅಂತ ನೋಡುವವನು ಲೂಯಿಸ್. ಇಬ್ಬರೂ ಸೇರಿ ಒಂದು ತಲೆ.

ಮೂರನೇ ಕಾದಂಬರಿಯ ಹತ್ತಿರ ನಾನು ಸ್ವಲ್ಪ ನಿಲ್ಲುತ್ತೇನೆ, ಸ್ವಾರ್ಥಕ್ಕೆ. ‘ದಿ ಸೈಲೆಂಟ್ ವರ್ಲ್ಡ್ ಆಫ್ ನಿಕೋಲಸ್ ಕ್ವಿನ್’, 1977. ಕೊಲೆ ಆಗುವುದು ಪರೀಕ್ಷಾ ಮಂಡಳಿಯಲ್ಲಿ. ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿಕೊಂಡಿದ್ದವಳು, ವರ್ಷಾವರ್ಷ ಮೌಲ್ಯಮಾಪನಕ್ಕೆ ಹೋದವಳು. ಸೀಲು ಹಾಕಿದ ಬಂಡಲ್ಲು, ಸಹಿಯ ಮೇಲೆ ಸಹಿ, ಬಾಗಿಲ ಹತ್ತಿರ ಕೂತು ಕೈಚೀಲ ನೋಡುವವರು, ಇದೆಲ್ಲ ನನಗೆ ಗೊತ್ತು. ಒಂದು ವರ್ಷ ನಾನು ಇಪ್ಪತ್ತೆಂಟನ್ನು ಎಂಬತ್ತೆರಡು ಅಂತ ಬರೆದು, ಸಿಕ್ಕಿಬಿದ್ದು, ಹಿರಿಯರೊಬ್ಬರ ಕೈಲಿ ಬೈಸಿಕೊಂಡಿದ್ದೆ. ಆ ಜಗತ್ತಿನಲ್ಲೂ ಸಯನೈಡ್‌ಗೆ ಜಾಗ ಇರಬಹುದು ಅಂತ ನನಗೆ ಹೊಳೆದಿರಲಿಲ್ಲ.

ಕ್ವಿನ್ ಆ ಕಚೇರಿಗೆ ಹೊಸದಾಗಿ ಸೇರಿದವನು. ಕಿವಿ ಬಹಳ ಮಂದ. ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾನೆ. ಒಂದು ಪಾರ್ಟಿಯಲ್ಲಿ ದೂರದಲ್ಲಿ ನಿಂತಿದ್ದವರ ಗುಟ್ಟಿನ ಮಾತನ್ನು ಹೀಗೇ ಕಣ್ಣಲ್ಲಿ ‘ಕೇಳಿಸಿಕೊಳ್ಳುತ್ತಾನೆ’. ಕಿವಿಯವರು ಯಾರಿಗೂ ಕೇಳದ್ದು ಕಿವುಡನಿಗೆ ತಿಳಿಯಿತು. ಜೀವಕ್ಕೆ ಬಂತು. ತಮ್ಮ ಕಿವಿಯ ಕಷ್ಟ, ತಮ್ಮ ಕಚೇರಿಯ ವಾಸನೆ, ಎರಡನ್ನೂ ಡೆಕ್ಸ್ಟರ್ ಇಲ್ಲಿ ಹಾಕಿದ್ದಾರೆ. ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ಒಂದು ಆಟ ಆಡಿ. ದನಿ ಮಾಡದೆ ಪಾವು, ಬಾವು, ಮಾವು ಅನ್ನಿ. ಮೂರಕ್ಕೂ ತುಟಿ ಒಂದೇ ಥರ ಮುಚ್ಚಿ ತೆರೆಯುತ್ತದೆ. ನೋಡುವವರಿಗೆ ಅಕ್ಕಿ ಅಳೆಯುವ ಪಾವೋ ಹಣ್ಣಿನ ಮಾವೋ ಗೊತ್ತಾಗುವುದಿಲ್ಲ. ಕಥೆಗೆ ಇದು ಎಷ್ಟು ಮುಖ್ಯ ಅಂತ ಹೇಳಿದರೆ ನೀವು ಓದುವುದಕ್ಕೆ ಏನೂ ಉಳಿಯುವುದಿಲ್ಲ.

ಎಲ್ಲ ಹೊಗಳಿಕೆಯೇ ಆಯಿತು. ಎರಡು ದೂರೂ ಇವೆ. ಒಂದು, ಮೊದಮೊದಲ ಪುಸ್ತಕಗಳಲ್ಲಿ ಮೋರ್ಸ್ ಹೆಂಗಸರನ್ನು ನೋಡುವ ನೋಟ ನನಗೆ ಸೇರುವುದಿಲ್ಲ. ಅದು ಬರೀ ಪಾತ್ರದ ದೋಷ ಅಂತ ಬಿಡಲಾಗದು, ಬರೆದವರೂ ಆ ಕಡೆ ಸ್ವಲ್ಪ ಜಾಸ್ತಿಯೇ ವಾಲಿದ್ದಾರೆ. ಇನ್ನೊಂದು, ಕೆಲವು ಕಥೆಗಳ ಗಂಟು ಅತಿಯಾಯಿತು. ‘ದಿ ರಿಡ್ಲ್ ಆಫ್ ದಿ ಥರ್ಡ್ ಮೈಲ್’ನಲ್ಲಿ ಕಾಲುವೆಯಲ್ಲಿ ತಲೆಯಿಲ್ಲದ ಹೆಣ ಸಿಗುತ್ತದೆ. ಆ ಹೆಣ ಯಾರದ್ದು ಅನ್ನುವ ಲೆಕ್ಕವನ್ನು ನಾನು ಎರಡು ಸಲ ಓದಿದ್ದೇನೆ. ಮೂರನೇ ಸಲ ಓದುವ ಧೈರ್ಯ ಇಲ್ಲ.

ಈಗ ಟಿವಿಗೆ ಬರೋಣ. 1987ರ ಜನವರಿ 6ರಂದು ಐಟಿವಿಯಲ್ಲಿ ಮೊದಲ ಕಂತು ಬಂತು. ಅದೇ ಜೆರಿಕೋ ಕಥೆ. ಚಿತ್ರಕಥೆ ಬರೆದವರು ಆಂಥನಿ ಮಿಂಗೆಲ್ಲಾ, ಮುಂದೆ ಸಿನಿಮಾ ಮಾಡಿ ಆಸ್ಕರ್ ಪಡೆದವರು. ಆಗಿನ ಪೊಲೀಸ್ ಧಾರಾವಾಹಿಗಳು ಒಂದು ಗಂಟೆಯೊಳಗೆ ಓಡಿ, ಹೊಡೆದು, ಹಿಡಿದು ಮುಗಿಸುತ್ತಿದ್ದವು. ಮೋರ್ಸ್‌ಗೆ ಜಾಹೀರಾತು ಸೇರಿ ಎರಡು ಗಂಟೆ ಕೊಟ್ಟರು. ಕಾಲೇಜಿನ ಕಲ್ಲುಗೋಡೆ, ಹುಲ್ಲು, ಸೈಕಲ್ಲು, ಸಂಜೆ ಬೆಳಕು, ಹಿನ್ನೆಲೆಯಲ್ಲಿ ಮೊಜಾರ್ಟೋ ವಾಗ್ನರೋ. ಕಾರು ನಿಧಾನಕ್ಕೆ ಬರುತ್ತದೆ, ನಿಧಾನಕ್ಕೆ ನಿಲ್ಲುತ್ತದೆ. ಜನ ಚಾನೆಲ್ ತಿರುಗಿಸುತ್ತಾರೆ ಅಂತ ಯಾರಾದರೂ ಹೆದರಿದ್ದರೆ ಆಶ್ಚರ್ಯವಿಲ್ಲ. ಜನ ತಿರುಗಿಸಲಿಲ್ಲ. ಅದು 2000ದವರೆಗೂ ನಡೆಯಿತು.

ಮೋರ್ಸ್ ಆದವರು ಜಾನ್ ಥಾ. ಅದಕ್ಕೆ ಮುಂಚೆ ‘ದಿ ಸ್ವೀನಿ’ ಅನ್ನುವ ಧಾರಾವಾಹಿಯಲ್ಲಿ ಬಾಗಿಲು ಒದ್ದು ನುಗ್ಗುವ ಪೊಲೀಸ್ ಆಗಿ ಹೆಸರು ಮಾಡಿದ್ದರು. ಆ ಒರಟು ಮನುಷ್ಯನಿಗೆ ರಕ್ತ ಕಂಡರೆ ಮುಖ ತಿರುಗಿಸುವ, ಎತ್ತರ ಕಂಡರೆ ತಲೆ ತಿರುಗುವ, ಒಬ್ಬನೇ ಕೂತು ಅಪೆರಾ ಕೇಳುವ ಪಾತ್ರ ಕೊಟ್ಟರು. ಥಾ ಅವರ ಮುಖದಲ್ಲಿ ಒಂದು ಬೇಸರ ಇದೆ ನೋಡಿ, ಯಾರೋ ತಪ್ಪು ವ್ಯಾಕರಣ ಮಾತಾಡಿದರು ಅನ್ನುವಂಥ ಬೇಸರ. ಅದು ಕಾದಂಬರಿಯ ಮೋರ್ಸ್‌ನಲ್ಲಿ ಅಷ್ಟಿಲ್ಲ. ಪುಸ್ತಕದ ಮೋರ್ಸ್ ಹೆಚ್ಚು ಚಪಲದವನು. ಆ ಚಪಲವನ್ನು ಟಿವಿಯವರು ಒರೆಸಿ, ಅದರ ಜಾಗದಲ್ಲಿ ಒಂಟಿತನ ಇಟ್ಟರು. ನನ್ನ ಲೆಕ್ಕದಲ್ಲಿ ಅದು ಲಾಭದ ವ್ಯಾಪಾರ.

ಇನ್ನೊಂದು ವಿಚಿತ್ರ ನಡೆಯಿತು. ಸಾಮಾನ್ಯವಾಗಿ ಪುಸ್ತಕ ಓದಿದವರು ಟಿವಿ ನೋಡಿ, ಅಯ್ಯೋ ಹಾಳು ಮಾಡಿದರು ಅಂತ ಗೊಣಗುತ್ತಾರೆ. ಇಲ್ಲಿ ಬರೆದವರೇ ಟಿವಿಯ ಮಾತು ಕೇಳಿದರು. ಮೊದಲ ಕಾದಂಬರಿಗಳಲ್ಲಿ ಮೋರ್ಸ್‌ನ ಕಾರು ಲ್ಯಾನ್ಸಿಯಾ. ಟಿವಿಯಲ್ಲಿ ಅದು ಕೆಂಪು ಮೈಯ ಹಳೇ ಜಾಗ್ವಾರ್ ಮಾರ್ಕ್ 2. ಆಮೇಲಿನ ಕಾದಂಬರಿಗಳಲ್ಲಿ ಮೋರ್ಸ್ ಏನೂ ಆಗಿಲ್ಲ ಅನ್ನುವ ಹಾಗೆ ಜಾಗ್ವಾರ್ ಓಡಿಸುತ್ತಾನೆ. ಪುಸ್ತಕದ ಲೂಯಿಸ್ ವೇಲ್ಸ್‌ನವನು, ವಯಸ್ಸಾದವನು, ಮೊಮ್ಮಕ್ಕಳು ಕಂಡವನು. ಟಿವಿಯಲ್ಲಿ ಕೆವಿನ್ ವೇಟ್ಲಿ ಬಂದರು. ವಯಸ್ಸು ಚಿಕ್ಕದು, ನಾಲಿಗೆ ಮೇಲೆ ನ್ಯೂಕಾಸಲ್ ಕಡೆಯ ಉತ್ತರದ ರಾಗ. ಸ್ವಲ್ಪ ದಿನದಲ್ಲೇ ಪುಸ್ತಕದ ಲೂಯಿಸ್‌ಗೂ ವಯಸ್ಸು ಇಳಿಯಿತು! ಒಂದು ಕಥೆಯಂತೂ ಉಲ್ಟಾ ದಾರಿಯಲ್ಲೇ ಬಂತು. ‘ದಿ ವುಲ್ವರ್‌ಕೋಟ್ ಟಂಗ್’ ಅಂತ ಡೆಕ್ಸ್ಟರ್ ಟಿವಿಗೆ ಹೊಳೆಸಿಕೊಂಡ ಕಥೆ 1987ರಲ್ಲಿ ತೆರೆಗೆ ಬಂತು. ಅದನ್ನೇ ಬದಲಾಯಿಸಿ ಅವರು 1991ರಲ್ಲಿ ‘ದಿ ಜುವೆಲ್ ದಟ್ ವಾಸ್ ಅವರ್ಸ್’ ಎಂಬ ಕಾದಂಬರಿ ಮಾಡಿದರು. ಹೆಚ್ಚಿನ ಕಂತುಗಳಲ್ಲಿ ಅವರೇ ಒಂದು ಗಳಿಗೆ ಕಾಣಿಸಿಕೊಳ್ಳುತ್ತಾರೆ ಕೂಡ, ಪಬ್ಬಿನಲ್ಲೋ ಮೆಟ್ಟಿಲ ಮೇಲೋ, ಮಾತಿಲ್ಲದ ಮುದುಕನಾಗಿ.

ಸಂಗೀತದ್ದು ಹೇಳದಿದ್ದರೆ ಪಾಪ. ಶೀರ್ಷಿಕೆ ಸಂಗೀತ ಬ್ಯಾರಿಂಗ್ಟನ್ ಫಿಲಾಂಗ್ ಅವರದ್ದು. ಆ ಟಿಕ್ ಟಿಕ್ ಸದ್ದು ತಾಳ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಅದು ಮೋರ್ಸ್ ತಂತಿಭಾಷೆ. ಗಿಡ್ಡ ಸದ್ದು, ಉದ್ದ ಸದ್ದು. ನಮಗೆ ಇದು ಸುಲಭ, ಲಘು ಗುರು ಅಂತ ಸ್ಕೂಲಿನಲ್ಲೇ ಗೀಟು ಎಳೆದಿದ್ದೇವೆ. ಮೋರ್ಸ್ ಅನ್ನುವ ಹೆಸರಿನ ಇಂಗ್ಲಿಷ್ ಅಕ್ಷರಗಳಿಗೆ ಪ್ರಸ್ತಾರ ಹಾಕೋಣ. ಎಂ ಅಂದರೆ ಎರಡು ಗುರು. ಓ ಅಂದರೆ ಮೂರು ಗುರು, ಅಂದರೆ ಮಗಣ. ಆರ್ ಅಂದರೆ ಲಘು ಗುರು ಲಘು, ಜಗಣ. ಎಸ್ ಅಂದರೆ ಮೂರು ಲಘು, ನಗಣ. ಕೊನೆಯ ‘ಇ’ ಅಕ್ಷರಕ್ಕೆ ಒಂದೇ ಲಘು. ಯಮಾತಾರಾಜಭಾನಸಲಗಂ ಕಲಿಸಿದ ಮೇಷ್ಟರು ಇದನ್ನು ಕೇಳಿದ್ದರೆ ಏನನ್ನುತ್ತಿದ್ದರೋ! ಫಿಲಾಂಗ್ ಅಷ್ಟಕ್ಕೇ ನಿಲ್ಲಲಿಲ್ಲ. ಕೆಲವು ಕಂತುಗಳ ಹಿನ್ನೆಲೆ ಸಂಗೀತದಲ್ಲಿ ಕೊಲೆಗಾರನ ಹೆಸರನ್ನೇ ತಂತಿಭಾಷೆಯಲ್ಲಿ ಹೆಣೆದುಬಿಟ್ಟರು. ಕೆಲವು ಸಲ ಬೇಕಂತಲೇ ಬೇರೆಯವರ ಹೆಸರು ಹೆಣೆದರು. ಕಿವಿ ಚುರುಕಿದ್ದವರಿಗೂ ಒಂದು ‘ಕಾನು’.

ಊರಿನ ಬಗ್ಗೆ ಎರಡು ಮಾತು. ನಾನು ಆಕ್ಸ್‌ಫರ್ಡ್ ನೋಡಿಲ್ಲ. ಆದರೆ ಬ್ರಾಡ್ ಸ್ಟ್ರೀಟಿನಲ್ಲಿ ವೈಟ್ ಹಾರ್ಸ್ ಪಬ್ಬು ಬ್ಲ್ಯಾಕ್‌ವೆಲ್ ಪುಸ್ತಕದಂಗಡಿಗೆ ಅಂಟಿಕೊಂಡಿದೆ, ರ‍್ಯಾಂಡಲ್ಫ್ ಹೋಟೆಲಿನ ಎದುರಿಗೆ ಆಶ್ಮೋಲಿಯನ್ ಮ್ಯೂಸಿಯಂ ಇದೆ ಅಂತ ಯಾವಾಗ ಕೇಳಿದರೂ ಹೇಳಬಲ್ಲೆ. ಆ ಊರು ಎರಡು ಊರು. ಗೌನು ಹಾಕಿಕೊಂಡವರದ್ದು ಒಂದು. ಇನ್ನೊಂದು ಕೌಲಿಯ ಕಾರು ಕಾರ್ಖಾನೆಯದ್ದು, ಜೆರಿಕೋದ ಕಾಲುವೆ ಪಕ್ಕದ ಸಣ್ಣ ಇಟ್ಟಿಗೆ ಮನೆಗಳದ್ದು. ಮೋರ್ಸ್ ಎರಡಕ್ಕೂ ಸೇರಿದವನಲ್ಲ. ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಓದಲು ಬಂದು, ಪ್ರೀತಿಯಲ್ಲಿ ಬಿದ್ದು, ಡಿಗ್ರಿ ಮುಗಿಸದೆ ಹೊರಗೆ ಹೋದವನು. ಈಗ ವಾರಂಟು ಹಿಡಿದು ಅದೇ ಪ್ರೊಫೆಸರುಗಳ ಬಾಗಿಲು ತಟ್ಟುತ್ತಾನೆ. ಅವರ ಲ್ಯಾಟಿನ್ ತಪ್ಪು ಹಿಡಿಯುವಾಗ ಅವನಿಗೆ ಎಂಥ ಖುಷಿ ಅಂತೀರಿ! ಆ ಊರಿನವರು ಡೆಕ್ಸ್ಟರ್ ಮೇಲೆ ಸಿಟ್ಟಾಗಲಿಲ್ಲ. ಅಷ್ಟೊಂದು ಹೆಣ ಉರುಳಿಸಿದ್ದಕ್ಕೆ 2001ರಲ್ಲಿ ನಗರದ ಗೌರವ ಪೌರತ್ವ ಕೊಟ್ಟರು.

ಒಂದೇ ಒಂದು ಓದಿ ಅಂದರೆ ನಾನು ಹೇಳುವುದು ‘ದಿ ವೆಂಚ್ ಈಸ್ ಡೆಡ್’. 1989ರದ್ದು, ಅಪರಾಧ ಕಾದಂಬರಿಗಳಿಗೆ ಕೊಡುವ ಗೋಲ್ಡ್ ಡ್ಯಾಗರ್ ಪ್ರಶಸ್ತಿ ಆ ವರ್ಷ ಇದಕ್ಕೆ ಬಂತು. ಮೋರ್ಸ್ ಹೊಟ್ಟೆ ಹುಣ್ಣಿನಿಂದ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಪಕ್ಕದ ಹಾಸಿಗೆಯ ಮುದುಕರು ತೀರಿಕೊಳ್ಳುತ್ತಾರೆ. ಅವರ ಹೆಂಡತಿ, ಅವರು ಬರೆದಿದ್ದ ಒಂದು ತೆಳ್ಳನೆ ಪುಸ್ತಕವನ್ನು ಮೋರ್ಸ್‌ಗೆ ಕೊಟ್ಟುಹೋಗುತ್ತಾರೆ. 1859ರಲ್ಲಿ ಆಕ್ಸ್‌ಫರ್ಡ್ ಕಾಲುವೆಯಲ್ಲಿ ಸತ್ತ ಜೋಆನಾ ಫ್ರ್ಯಾಂಕ್ಸ್ ಎಂಬ ಹೆಂಗಸಿನ ಕಥೆ. ಗಂಡನನ್ನು ಸೇರಲು ದೋಣಿಯಲ್ಲಿ ಲಂಡನ್‌ಗೆ ಹೊರಟವಳು. ದೋಣಿಯವರಲ್ಲಿ ಇಬ್ಬರನ್ನು ಗಲ್ಲಿಗೆ ಹಾಕಲಾಯಿತು. ಓದುತ್ತಾ ಓದುತ್ತಾ ಮೋರ್ಸ್‌ಗೆ ಅನ್ನಿಸುತ್ತದೆ, ಗಲ್ಲಿಗೇರಿದವರು ಕೊಂದವರಲ್ಲ. ಇದರ ಹಿಂದೆ ನಿಜವಾದ ಒಂದು ಕೇಸಿದೆ. 1839ರಲ್ಲಿ ಕ್ರಿಸ್ಟೀನಾ ಕಾಲಿನ್ಸ್ ಎಂಬ ಹೆಂಗಸು ಹೀಗೇ ಗಂಡನ ಹತ್ತಿರ ಹೊರಟವಳು. ಅವಳ ಹೆಣ ಸ್ಟ್ಯಾಫರ್ಡ್‌ಶೈರ್‌ನ ರೂಜ್ಲಿ ಹತ್ತಿರ ಕಾಲುವೆಯಲ್ಲಿ ಸಿಕ್ಕಿತು. ದೋಣಿಯವರಿಬ್ಬರಿಗೆ ಗಲ್ಲಾಯಿತು. ನನಗೆ ಈ ಪುಸ್ತಕ ಯಾಕೆ ಇಷ್ಟ ಅಂದರೆ, ಹಾಸಿಗೆಯಲ್ಲಿ ಬಿದ್ದುಕೊಂಡವನಿಗೆ ಹೆಣವಿಲ್ಲ, ರಕ್ತವಿಲ್ಲ, ಬರೀ ಅಕ್ಷರಗಳು. ಇಡೀ ಕೊಲೆ ಒಂದು ಪದಬಂಧವಾಗಿ ಅವನ ಮಡಿಲಿಗೆ ಬಂದಿದೆ. ಇಲ್ಲೂ ಹೆಸರುಗಳೊಳಗೆ ಹೆಸರು ಅಡಗಿದೆ, ಹುಡುಕಿ.

ಮೋರ್ಸ್‌ಗೆ ಮೊದಲ ಹೆಸರು ಏನು? ಇಪ್ಪತ್ತು ವರ್ಷ ಹೇಳಲಿಲ್ಲ. ಕೇಳಿದರೆ ‘ಮೋರ್ಸ್ ಅಂದರೆ ಸಾಕು’ ಅನ್ನುತ್ತಿದ್ದ. 1996ರ ಕಾದಂಬರಿಯಲ್ಲಿ ಗುಟ್ಟು ಬಿಟ್ಟರು. ಎಂಡೆವರ್. ಅಪ್ಪನಿಗೆ ಕ್ಯಾಪ್ಟನ್ ಕುಕ್ ಮೇಲೆ ಅಭಿಮಾನ, ಅವನ ಹಡಗಿನ ಹೆಸರದು. ಅಮ್ಮ ಕ್ವೇಕರ್ ಪಂಥದವಳು, ಅವರಲ್ಲಿ ಗುಣಗಳ ಹೆಸರನ್ನು ಮಕ್ಕಳಿಗೆ ಇಡುವ ರೂಢಿ. ಎಂಡೆವರ್ ಅಂದರೆ ಪ್ರಯತ್ನ. ಟಿವಿಯಲ್ಲಿ ಇದನ್ನು ಅವನೇ ಸುಳಿವಾಗಿ ಕೊಡುತ್ತಾನೆ. ನನ್ನ ಜೀವನದ ಪ್ರಯತ್ನವೆಲ್ಲ ಈವ್ ಸುತ್ತಲೇ ತಿರುಗಿದೆ ಅಂತ. ಈವ್ ಅಂದರೆ ಬೈಬಲ್ಲಿನ ಮೊದಲ ಹೆಂಗಸು. ಕೇಳಿದವರು ಓಹೋ, ಹೆಂಗಸರ ಹಿಂದೆ ಸುತ್ತಿದ್ದನ್ನು ಒಪ್ಪಿಕೊಳ್ಳುತ್ತಿದ್ದಾನೆ ಅಂದುಕೊಳ್ಳಬೇಕು. ಅದು ಕಾನು. ಇಂಗ್ಲಿಷಿನಲ್ಲಿ ‘ಅರೌಂಡ್ ಈವ್’ ಅನ್ನುವ ಒಂಬತ್ತು ಅಕ್ಷರ ಕಲಸಿ ಜೋಡಿಸಿದರೆ ಎಂಡೆವರ್ ಬರುತ್ತದೆ.

1999ರಲ್ಲಿ ಡೆಕ್ಸ್ಟರ್ ಅವನನ್ನು ಸಾಯಿಸಿದರು, ‘ದಿ ರಿಮೋರ್ಸ್‌ಫುಲ್ ಡೇ’ಯಲ್ಲಿ. ಶೀರ್ಷಿಕೆ ಹೌಸ್‌ಮನ್ ಕವಿಯ ಸಾಲಿನದ್ದು, ಅದರ ಹೊಟ್ಟೆಯೊಳಗೆ ಮೋರ್ಸ್ ಹೆಸರೂ ಇದೆ. ಸಕ್ಕರೆ ಕಾಯಿಲೆ, ಕುಡಿತ, ಸೋತ ಹೃದಯ. ಸಕ್ಕರೆ ಕಾಯಿಲೆ ಡೆಕ್ಸ್ಟರ್‌ಗೂ ಇತ್ತು. 2000ದ ನವೆಂಬರ್ 15ರಂದು ಟಿವಿಯಲ್ಲಿ ಕೊನೆಯ ಕಂತು. ಎಕ್ಸೆಟರ್ ಕಾಲೇಜಿನ ಹುಲ್ಲಿನ ಮೇಲೆ ಮೋರ್ಸ್ ಕುಸಿದು ಬೀಳುತ್ತಾನೆ. ಲೂಯಿಸ್ ಆಗ ಜೊತೆಯಲ್ಲಿಲ್ಲ, ಬೇರೆಲ್ಲೋ ಕೇಸಿನ ಹಿಂದಿದ್ದಾನೆ. ಅಷ್ಟು ವರ್ಷ ಬಿಯರಿಗೆ ದುಡ್ಡು ಕೊಟ್ಟವನಿಗೆ ಒಂದು ಥ್ಯಾಂಕ್ಸ್, ಅದೂ ಬೇರೆಯವರ ಕೈಲಿ ಹೇಳಿ ಕಳಿಸಿದ್ದು. ಲೂಯಿಸ್ ಶವಾಗಾರಕ್ಕೆ ಬಂದು ಹಣೆಗೆ ಮುತ್ತಿಟ್ಟು ಗುಡ್‌ಬೈ ಸರ್ ಅನ್ನುತ್ತಾನೆ. ಅಲ್ಲೂ ‘ಸರ್’. 2002ರ ಫೆಬ್ರವರಿಯಲ್ಲಿ ಜಾನ್ ಥಾ ಕೂಡ ತೀರಿಕೊಂಡರು. ಅರವತ್ತೇ ವರ್ಷ.

ಥಾ ಆದ ಮೇಲೆ ಆ ವಯಸ್ಸಿನ ಮೋರ್ಸ್ ಪಾತ್ರವನ್ನು ಇನ್ನು ಯಾರೂ ಮಾಡಕೂಡದು ಅಂತ ಉಯಿಲಿನಲ್ಲೇ ಬರೆದಿದ್ದೇನೆ ಅಂತ ಡೆಕ್ಸ್ಟರ್ ಹೇಳಿದ್ದರು. ಲೂಯಿಸ್‌ಗೆ ಮಾತ್ರ ಭಡ್ತಿ ಸಿಕ್ಕಿತು. ಅವನೇ ಇನ್‌ಸ್ಪೆಕ್ಟರ್ ಆದ ಧಾರಾವಾಹಿ 2006ರಿಂದ 2015ರವರೆಗೆ ಬಂತು. ಅದಕ್ಕೂ ಸರಿಯಾಗಿ 33 ಕಂತು. ಚೆನ್ನಾಗಿದೆ, ಆದರೆ ತಪ್ಪು ಮಾಡುವವರು ಕಡಿಮೆ.

ಆಮೇಲೆ 2012ರ ಜನವರಿ 2ರಂದು ‘ಎಂಡೆವರ್’. ಇದು ಹುಡುಗ ಮೋರ್ಸ್, 1965ರ ಕಾಲದವನು, ಶಾನ್ ಇವಾನ್ಸ್ ಮಾಡಿದ್ದು. ಹುಡುಗನ ಪಾತ್ರಕ್ಕೆ ಡೆಕ್ಸ್ಟರ್ ಅಡ್ಡಿ ಹೇಳಲಿಲ್ಲ. ಮೊದಲ ಕಂತಿನ ಕೊನೆಯಲ್ಲಿ ಅವನ ಮೇಲಧಿಕಾರಿ ಥರ್ಸ್‌ಡೇ ಕೇಳುತ್ತಾನೆ, ಇಪ್ಪತ್ತು ವರ್ಷ ಆದ ಮೇಲೆ ಎಲ್ಲಿರುತ್ತೀಯ ಅಂತ. ಹುಡುಗ ಕಾರಿನ ಕನ್ನಡಿ ನೋಡುತ್ತಾನೆ. ಕನ್ನಡಿಯಲ್ಲಿ ಕಾಣುವುದು ಜಾನ್ ಥಾ ಅವರ ಕಣ್ಣುಗಳು. ಹಿಂದೆ ಟಿಕ್ ಟಿಕ್ ಲಘು ಗುರು ಶುರುವಾಗುತ್ತದೆ.

ಅದೇ ಕಂತಿನಲ್ಲಿ ಅವನು ಊರಿನ ಪತ್ರಿಕೆಯ ಸಂಪಾದಕಿಯನ್ನು ನೋಡಲು ಹೋಗುತ್ತಾನೆ. ಅವಳು ಅವನನ್ನೇ ದಿಟ್ಟಿಸಿ, ನಾವು ಮೊದಲು ಭೇಟಿಯಾಗಿದ್ದೇವಾ ಅಂತ ಕೇಳುತ್ತಾಳೆ. ಇಲ್ಲ ಅನ್ನುತ್ತಾನೆ. ಹಾಗಾದರೆ ಬೇರೆ ಯಾವುದೋ ಜನ್ಮದಲ್ಲಿ ಇರಬೇಕು ಅನ್ನುತ್ತಾಳೆ. ಆ ಪಾತ್ರ ಮಾಡಿರುವವರು ಅಬಿಗೇಲ್, ಜಾನ್ ಥಾ ಅವರ ಮಗಳು. ಪಾತ್ರದ ಹೆಸರು ಡೊರೊಥಿಯಾ ಫ್ರೇಜಿಲ್. ಚಿಕ್ಕದಾಗಿ ಡಿ. ಫ್ರೇಜಿಲ್. ಹೆಸರು ಚೆನ್ನಾಗಿದೆ ಅಂತ ಬಿಟ್ಟುಬಿಟ್ಟಿದ್ದೆ, ಒಂದು ದಿನ ನಿಘಂಟು ತೆಗೆಯುವವರೆಗೆ. ಫ್ರೇಜಿಲ್ ಅಂದರೆ ಹರಿಯುವ ನೀರಿನಲ್ಲಿ ಕಟ್ಟುವ ಮಂಜಿನ ಹರಳು. ಇಂಗ್ಲಿಷಿನಲ್ಲಿ ಒಂದು ಪದದ ಮುಂದೆ ‘ಡಿ’ ಹಾಕಿದರೆ ಅದನ್ನು ತೆಗೆದುಹಾಕು ಅಂತ ಅರ್ಥ. ಮಂಜುಗಡ್ಡೆ ಕರಗಿ ಹೋಗುವುದಕ್ಕೆ ಇಂಗ್ಲಿಷಿನಲ್ಲಿ ಇನ್ನೊಂದು ಪದ ಇದೆಯಲ್ಲ, ಕನ್ನಡದಲ್ಲಿ ಬರೆದರೆ ಒಂದೇ ಅಕ್ಷರದ್ದು, ಏನದು?

ಥಾ.